ತೆರಿಗೆ ಕೊಡದೆ ಜೈಲಿಗೆ ಹೋದ ಕೌನ್ಸಿಲರುಗಳು

ವಾರ್ಡ್ ಚುನಾವಣೆ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಒಂದು ಬಗೆಯ ತಾತ್ಸಾರ. ನಲ್ಲಿ, ಚರಂಡಿ, ಬೀದಿದೀಪದ ವ್ಯವಹಾರ ತಾನೆ, ಅದರಲ್ಲೇನು ಇತಿಹಾಸ ಎನ್ನುತ್ತಾರೆ. ಅಂಥವರಿಗೆ ಲಂಡನ್ನಿನ ಪಾಪ್ಲರ್ ಬರೋದ ಕತೆ ಹೇಳಬೇಕು.

ಪಾಪ್ಲರ್ ಇರುವುದು ಪೂರ್ವ ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಂಡೆಗೆ. ಈಸ್ಟ್ ಇಂಡಿಯಾ ಡಾಕ್, ವೆಸ್ಟ್ ಇಂಡಿಯಾ ಡಾಕ್ ಎರಡೂ ಅಲ್ಲೇ ಇದ್ದವು. ಬೆಳಿಗ್ಗೆ ಡಾಕಿನ ಗೇಟಿನ ಮುಂದೆ ನಿಲ್ಲುವುದು, ಕರೆದರೆ ಅಂದಿನ ಕೂಲಿ, ಕರೆಯದಿದ್ದರೆ ಬರಿಗೈ. ಮುಂಬಯಿಯ ಗೋದಿಯನ್ನು ಕಂಡವರಿಗೆ ಈ ಬದುಕನ್ನು ಬಿಡಿಸಿ ಹೇಳಬೇಕಿಲ್ಲ.

1919ರ ನವೆಂಬರಿನಲ್ಲಿ ಅಲ್ಲಿ ಬರೋ ಕೌನ್ಸಿಲಿನ ಚುನಾವಣೆ ನಡೆಯಿತು. ಹಿಂದಿನ ವರ್ಷದ ಕಾಯಿದೆಯಿಂದ ಮತದಾರರ ಪಟ್ಟಿ ಬಹಳ ಹಿಗ್ಗಿತ್ತು. ಸರಕಾರದ ಬಡವರ ಪರಿಹಾರ ಪಡೆದವರಿಗೆ ಮತವಿಲ್ಲ ಎಂಬ ಹಳೆಯ ನಿಯಮವೂ ಹೋಗಿತ್ತು. 42 ಸ್ಥಾನಗಳಲ್ಲಿ 39 ಲೇಬರ್ ಪಕ್ಷದ ಪಾಲಾದವು. ಜಾರ್ಜ್ ಲ್ಯಾನ್ಸ್‌ಬರಿ ಅಲ್ಲಿನ ಮೊದಲ ಲೇಬರ್ ಮೇಯರ್ ಆದರು. ಹೊಸ ಕೌನ್ಸಿಲು ತನ್ನ ನೌಕರರಿಗೆ ವಾರಕ್ಕೆ ಕನಿಷ್ಠ 4 ಪೌಂಡ್ ಸಂಬಳ ನಿಗದಿ ಮಾಡಿತು, ಗಂಡಸಿಗೂ ಹೆಂಗಸಿಗೂ ಒಂದೇ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ತೊಡಕು ಬಂದದ್ದು ತೆರಿಗೆಯಲ್ಲಿ. ಮನೆ, ಅಂಗಡಿಗಳ ಬಾಡಿಗೆ ಮೌಲ್ಯದ ಮೇಲೆ ಬರೋ ತೆರಿಗೆ ಹಾಕುತ್ತಿತ್ತು. ಬಡವರ ಪರಿಹಾರದ ಹೊರೆಯನ್ನು ಬಹುಮಟ್ಟಿಗೆ ಆಯಾ ಭಾಗದವರೇ ಹೊರಬೇಕಾಗಿತ್ತು. ಪೌಂಡಿಗೆ ಒಂದು ಪೆನ್ನಿ ತೆರಿಗೆ ಹಾಕಿದರೆ ಸಿರಿವಂತರ ವೆಸ್ಟ್‌ಮಿನ್‌ಸ್ಟರಿನಲ್ಲಿ ಏಳುತ್ತಿದ್ದ ಹಣ ಪಾಪ್ಲರಿನದಕ್ಕಿಂತ ಸುಮಾರು ಒಂಬತ್ತು-ಹತ್ತು ಪಟ್ಟು. ಆದರೆ ನಿರುದ್ಯೋಗಿಗಳು ಇದ್ದದ್ದು ಪಾಪ್ಲರಿನಲ್ಲಿ! ಬಡವರನ್ನು ಬಡವರೇ ಸಾಕಬೇಕು ಎಂಬ ಈ ಲೆಕ್ಕ ಯಾವ ನ್ಯಾಯವೋ ನನಗಂತೂ ತಿಳಿಯದು. ಇದರ ಮೇಲೆ ಲಂಡನ್ ಕೌಂಟಿ ಕೌನ್ಸಿಲ್, ಪೊಲೀಸು, ನೀರಿನ ಮಂಡಳಿ ಇವುಗಳ ಪಾಲನ್ನೂ ಬರೋವೇ ವಸೂಲು ಮಾಡಿ ಕೊಡಬೇಕು.

1921ರಲ್ಲಿ ಕೆಲಸವಿಲ್ಲದವರ ಸಂಖ್ಯೆ ಏರಿದಾಗ ಕೌನ್ಸಿಲು ಒಂದು ನಿರ್ಧಾರಕ್ಕೆ ಬಂತು: ನಮ್ಮ ಖರ್ಚಿಗೆ ಬೇಕಾದಷ್ಟೇ ತೆರಿಗೆ ಎತ್ತುತ್ತೇವೆ, ಮೇಲಿನವರ ಪಾಲು ಕೊಡುವುದಿಲ್ಲ. ಕೌಂಟಿ ಕೌನ್ಸಿಲು ಕೋರ್ಟಿಗೆ ಹೋಯಿತು. ಜುಲೈ 29ರಂದು ಕೌನ್ಸಿಲರುಗಳು ಪಾಪ್ಲರಿನಿಂದ ಹೈಕೋರ್ಟಿಗೆ ಬ್ಯಾಂಡು ಬಾರಿಸುತ್ತಾ ನಡೆದೇ ಹೋದರು. ನಾವು ಕೋರ್ಟಿಗೆ ಹೊರಟಿದ್ದೇವೆ, ಬಹುಶಃ ಜೈಲಿಗೂ ಹೋಗಬಹುದು ಎಂಬ ಅರ್ಥದ ಫಲಕ ಮುಂದೆ. ಕೋರ್ಟಿನ ಆದೇಶಕ್ಕೂ ಬಗ್ಗದಿದ್ದಾಗ ಸೆಪ್ಟೆಂಬರಿನಲ್ಲಿ ಬಂಧನ ಶುರುವಾಯಿತು. ಒಟ್ಟು 30 ಮಂದಿ. ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಐವರು ಹೆಂಗಸರು ಹಾಲೋವೇ ಜೈಲಿಗೆ. ಅವರಲ್ಲಿ ನೆಲ್ಲಿ ಕ್ರೆಸಾಲ್ ತುಂಬು ಗರ್ಭಿಣಿ. ಅವರನ್ನು ಬೇಗ ಬಿಟ್ಟರು.

ಸ್ವಾರಸ್ಯದ ಸಂಗತಿಯೆಂದರೆ, ಕೌನ್ಸಿಲಿನ ಸಭೆಗಳು ಜೈಲಿನೊಳಗೇ ನಡೆದವು! ಹೆಂಗಸರನ್ನು ಹಾಲೋವೇಯಿಂದ ಬ್ರಿಕ್ಸ್‌ಟನ್‌ಗೆ ಕರೆತರುತ್ತಿದ್ದರು. ಹೊರಗೆ ಸೇರಿದ ಜನರಿಗೆ ಲ್ಯಾನ್ಸ್‌ಬರಿ ಕಿಟಕಿಯ ಸರಳುಗಳ ಹಿಂದಿನಿಂದಲೇ ಭಾಷಣ ಮಾಡಿದರು. ಅಕ್ಕಪಕ್ಕದ ಬೆತ್ನಲ್ ಗ್ರೀನ್, ಸ್ಟೆಪ್ನಿ ಬರೋಗಳೂ ಇದೇ ದಾರಿ ಹಿಡಿಯುತ್ತೇವೆ ಎಂದಾಗ ಸರಕಾರಕ್ಕೆ ಬಿಸಿ ಮುಟ್ಟಿತು. ಅಕ್ಟೋಬರ್ 12ರಂದು ಎಲ್ಲರ ಬಿಡುಗಡೆಯಾಯಿತು. ಪರಿಹಾರದ ಖರ್ಚನ್ನು ಇಡೀ ಲಂಡನ್ನಿಗೆ ಹಂಚುವ ಕಾಯಿದೆ ಆ ವರ್ಷವೇ ಬಂತು.

ಆದರೆ ಮಿನ್ನಿ ಲ್ಯಾನ್ಸ್‌ಬರಿ, ಅಂದರೆ ಜಾರ್ಜ್ ಅವರ ಸೊಸೆ, ಹೆಚ್ಚು ದಿನ ಬದುಕಲಿಲ್ಲ. ಜೈಲಿನಿಂದ ಬಂದ ಮೇಲೆ ನ್ಯುಮೋನಿಯಾ ತಗಲಿ 1922ರ ಜನವರಿ 1ರಂದು ತೀರಿಕೊಂಡರು. ವಯಸ್ಸು 32. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಕೆ, ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದಾಕೆ.

ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ಚುನಾವಣೆ. ಲಂಡನ್ನಿನ ಬಹಳ ಕಡೆ ಲೇಬರ್ ಪಕ್ಷ ನೆಲಕಚ್ಚಿತು. ಪಾಪ್ಲರಿನ ಜನ ಮಾತ್ರ ಜೈಲಿಗೆ ಹೋದವರ ಪಕ್ಷವನ್ನು ಕೈಬಿಡಲಿಲ್ಲ. 4 ಪೌಂಡ್ ಸಂಬಳ ಕಾನೂನುಬಾಹಿರ ಎಂದು 1925ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು, ಅದು ಬೇರೆ ಕತೆ. ಲ್ಯಾನ್ಸ್‌ಬರಿ 1932ರಲ್ಲಿ ಲೇಬರ್ ಪಕ್ಷದ ನಾಯಕರಾದರು. ನೆಲ್ಲಿ ಕ್ರೆಸಾಲ್ 1943ರಲ್ಲಿ ಪಾಪ್ಲರಿನ ಮೇಯರ್ ಆದರು. ಪಾಪ್ಲರ್ ಬರೋ 1965ರಲ್ಲಿ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಸೇರಿಹೋಯಿತು. ಬೋ ರಸ್ತೆಯ ಒಂದು ಕಟ್ಟಡದ ಮೇಲೆ ಮಿನ್ನಿಯ ನೆನಪಿಗೆ ಹಾಕಿದ ಗಡಿಯಾರವಿದೆ.