ಲಿಪೊಪ್ರೋಟೀನುಗಳ ಪ್ರತಿಕಾಯಾಧಾರಿತ ಮಾಪನ

ಲಿಪೊಪ್ರೋಟೀನುಗಳ ಪ್ರತಿಕಾಯಾಧಾರಿತ ಮಾಪನ ಅಥವಾ ಇಮ್ಯುನೊಅಸ್ಸೇ ಎಂಬುದು ರಕ್ತದಲ್ಲಿ ಕೊಬ್ಬನ್ನು ಸಾಗಿಸುವ ಕಣಗಳನ್ನು ಅವುಗಳ ಪ್ರೋಟೀನಿನ ಮೂಲಕ ಗುರುತಿಸಿ ಅಳೆಯುವ ಪ್ರಯೋಗಾಲಯ ವಿಧಾನಗಳ ಸಮೂಹವಾಗಿದೆ. ಸಾಮಾನ್ಯ ಲಿಪಿಡ್ ಪರೀಕ್ಷೆಯು ಕಣಗಳೊಳಗಿನ ಕೊಲೆಸ್ಟರಾಲ್ ಎಂಬ ಸರಕನ್ನು ಅಳೆಯುತ್ತದೆ. ಇಲ್ಲಿ ಅಳೆಯುವುದು ಸರಕನ್ನು ಹೊರುವ ವಾಹನವನ್ನು.

ತತ್ತ್ವ

ಪ್ರತಿಯೊಂದು ಎಲ್‌ಡಿಎಲ್ ಕಣದಲ್ಲಿಯೂ ಅಪೊಲಿಪೊಪ್ರೋಟೀನ್ ಬಿ-100ರ ಒಂದೇ ಅಣುವಿರುತ್ತದೆ. ವಿಎಲ್‌ಡಿಎಲ್ ಕಣದಲ್ಲಿಯೂ ಹಾಗೆಯೇ. ಆದ್ದರಿಂದ ಅಪೊ ಬಿ ಪ್ರಮಾಣವು ಇಂತಹ ಕಣಗಳ ಸಂಖ್ಯೆಯನ್ನೇ ಸೂಚಿಸುತ್ತದೆ. ಇಬ್ಬರಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ಸಮನಾಗಿದ್ದರೂ, ಸಣ್ಣ ಕಣಗಳುಳ್ಳವರಲ್ಲಿ ಕಣಗಳ ಸಂಖ್ಯೆ ಹೆಚ್ಚು. ಮಧುಮೇಹಿಗಳಲ್ಲಿ ಇದು ಸಾಮಾನ್ಯ. ಎಚ್‌ಡಿಎಲ್‌ನ ಮುಖ್ಯ ಪ್ರೋಟೀನು ಅಪೊ ಎ-1. ಒಂದು ಕಣದಲ್ಲಿ ಇದರ ಹಲವು ಅಣುಗಳಿರುವುದರಿಂದ ಈ ಲೆಕ್ಕ ಅಲ್ಲಿ ನೇರವಾಗಿ ಒಪ್ಪುವುದಿಲ್ಲ.

ವಿಧಾನಗಳು

1960ರ ದಶಕದಲ್ಲಿ ಮಾನ್ಚಿನಿ ಮತ್ತು ಲಾರೆಲ್ ರೂಪಿಸಿದ ಜೆಲ್ ಪದ್ಧತಿಗಳೂ, ಅನಂತರ ರೇಡಿಯೊಇಮ್ಯುನೊಅಸ್ಸೇ ಮತ್ತು 1971ರ ಎಲೈಸಾ ವಿಧಾನಗಳೂ ಬಳಕೆಗೆ ಬಂದವು. ಇಂದು ಸ್ವಯಂಚಾಲಿತ ಯಂತ್ರಗಳಲ್ಲಿ ಹೆಚ್ಚಾಗಿ ನಡೆಯುವುದು ಇಮ್ಯುನೊಟರ್ಬಿಡಿಮೆಟ್ರಿ. ಸೀರಮ್‌ಗೆ ಪ್ರತಿಕಾಯವನ್ನು ಬೆರೆಸಿದಾಗ ಎರಡೂ ಹೆಣೆದುಕೊಂಡು ದ್ರವ ಮಬ್ಬಾಗುತ್ತದೆ; ಆ ಮಬ್ಬು ತಡೆದ ಬೆಳಕಿನಿಂದ ಪ್ರಮಾಣ ತಿಳಿಯುತ್ತದೆ. ಚದುರಿದ ಬೆಳಕನ್ನು ಅಳೆದರೆ ಅದು ನೆಫೆಲೊಮೆಟ್ರಿ. ಟ್ರೈಗ್ಲಿಸರೈಡ್ ಅತಿಯಾದ ಸೀರಮ್ ಮೊದಲೇ ಹಾಲಿನಂತಿರುವುದರಿಂದ, ಪ್ರತಿಕಾಯ ಬೆರೆಸುವ ಮುನ್ನಿನ ಮಬ್ಬನ್ನು ಕಳೆಯಬೇಕಾಗುತ್ತದೆ.

ಇಂಟರ್‌ಹಾರ್ಟ್ ಅಧ್ಯಯನ

ಈ ಮಾಪನದ ಮಹತ್ವವನ್ನು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ತೋರಿಸಿತು. ಭಾರತದ ಭಾಗವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಸಂಯೋಜಿಸಿತ್ತು. ಹೃದಯಾಘಾತದ ಅಪಾಯಗಳಲ್ಲಿ ಅಪೊ ಬಿ ಮತ್ತು ಅಪೊ ಎ-1ರ ಅನುಪಾತವು ಧೂಮಪಾನಕ್ಕಿಂತಲೂ ಹೆಚ್ಚಿನ, ಸುಮಾರು ಶೇ. 49ರಷ್ಟು ಪಾಲನ್ನು ಪಡೆಯಿತು. ರಕ್ತ ಕೊಟ್ಟವರು ಉಪವಾಸವಿರಬೇಕಾಗಿರಲಿಲ್ಲ. ದೂರದ ಊರಿನಿಂದ ಬರುವ ರೋಗಿಗೆ ಇದು ಸಣ್ಣ ಅನುಕೂಲವಲ್ಲ. ಇದೇ ಅಧ್ಯಯನದ 2007ರ ವಿಶ್ಲೇಷಣೆಯಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಇತರರಲ್ಲಿ 58.8 ವರ್ಷ ಎಂದು ಕಂಡುಬಂದಿತು.

ಲಿಪೊಪ್ರೋಟೀನ್ (ಎ) ಮಾಪನದ ತೊಡಕು

ನಾರ್ವೆಯ ಕೋರೆ ಬರ್ಗ್ 1963ರಲ್ಲಿ ಲಿಪೊಪ್ರೋಟೀನ್ (ಎ) ಕಣವನ್ನು ಮೊಲದ ಪ್ರತಿಕಾಯಗಳ ನೆರವಿನಿಂದಲೇ ಪತ್ತೆ ಮಾಡಿದರು. ಹೆಸರು ಹೋಲುತ್ತದೆಯಾದರೂ ಇದಕ್ಕೂ ಅಪೊ ಎ-1ಕ್ಕೂ ಸಂಬಂಧವಿಲ್ಲ. ಇದರ ಮಟ್ಟ ಬಹುಪಾಲು ಆನುವಂಶಿಕ. ಆಹಾರ ಪಥ್ಯದಿಂದ ಹೆಚ್ಚು ಬದಲಾಗದು. ಇದರ ವಿಶಿಷ್ಟ ಪ್ರೋಟೀನಿನಲ್ಲಿ ಕ್ರಿಂಗಲ್ ಎಂಬ ಮಡಿಕೆಯೊಂದು ಕೆಲವರಲ್ಲಿ ಕೆಲವೇ ಬಾರಿ, ಕೆಲವರಲ್ಲಿ 40ಕ್ಕೂ ಹೆಚ್ಚು ಬಾರಿ ಪುನರಾವರ್ತನೆಯಾಗುತ್ತದೆ. ಪ್ರತಿಕಾಯವು ಆ ಮಡಿಕೆಗೇ ಅಂಟುವುದಾದರೆ ದೊಡ್ಡ ಅಣುವೊಂದು ಹಲವಾಗಿ ಎಣಿಕೆಯಾಗುತ್ತದೆ, ಸಣ್ಣ ಅಣು ಕಡಿಮೆಯಾಗಿ ತೋರುತ್ತದೆ. ಸಾಮಾನ್ಯವಾಗಿ ಹೆಚ್ಚಿನ ಮಟ್ಟ, ಹೆಚ್ಚಿನ ಅಪಾಯ ಇರುವುದು ಸಣ್ಣ ಅಣುವುಳ್ಳವರಲ್ಲಿಯೇ. ಪುನರಾವರ್ತನೆಯಾಗದ ಭಾಗಕ್ಕೆ ಅಂಟುವ ಪ್ರತಿಕಾಯ ಬಳಸಿ, ಫಲಿತಾಂಶವನ್ನು ಲೀಟರಿಗೆ ನ್ಯಾನೊಮೋಲ್‌ಗಳಲ್ಲಿ ನೀಡುವುದು ಇದಕ್ಕೆ ಪರಿಹಾರ. ಅಣುವಿನ ತೂಕ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾದ್ದರಿಂದ, ಮಿಲಿಗ್ರಾಂ ಲೆಕ್ಕದ ಹಳೆಯ ವರದಿಯನ್ನು ಒಂದೇ ಗುಣಕದಿಂದ ನ್ಯಾನೊಮೋಲ್‌ಗೆ ಪರಿವರ್ತಿಸುವುದು ಸರಿಯಲ್ಲ.