ಮೇಲ್ ನಿಮ್ಮ ಇನ್‌ಬಾಕ್ಸ್‌ನಲ್ಲಿದೆ, ಹಕ್ಕು ಬರೆದವರ ಬಳಿ ಇದೆ

ಹತ್ತಾರು ಜನ ವರ್ಷಗಟ್ಟಲೆ ಇಮೇಲ್‌ನಲ್ಲಿ ನಡೆಸಿದ ಚರ್ಚೆಯನ್ನು ಎಲ್ಲರೂ ಓದುವಂತೆ ಅಂತರ್ಜಾಲದಲ್ಲಿ ಸಂಗ್ರಹಿಸಿಡೋಣ ಎಂದರೆ, ಯಾರಾದರೂ ಹೇಳೇ ಹೇಳ್ತಾರೆ: 'ನನಗೇ ಬಂದ ಮೇಲ್ ತಾನೆ, ಹಾಕಿದ್ರೆ ಏನಾಯ್ತು?' ಕಾನೂನು ಹಾಗೆ ನೋಡುವುದಿಲ್ಲ. ಕಾಗದ ಪಡೆದವರದ್ದು, ಬರಹ ಬರೆದವರದ್ದು ಎಂಬುದು ಇಂಗ್ಲೆಂಡಿನಲ್ಲಿ 1741ರಲ್ಲೇ ಇತ್ಯರ್ಥವಾಯಿತು. ಕವಿ ಅಲೆಕ್ಸಾಂಡರ್ ಪೋಪ್ ತನ್ನ ಪತ್ರಗಳನ್ನು ಅಚ್ಚು ಹಾಕಿದ ಪ್ರಕಾಶಕನನ್ನು ಕೋರ್ಟಿಗೆಳೆದಿದ್ದ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಹಕ್ಕಿನ ಮೊದಲ ಒಡೆಯರು ಬರೆದವರೇ. ನೌಕರಿಯ ಭಾಗವಾಗಿ ಬರೆದದ್ದಾದರೆ ಸಾಮಾನ್ಯವಾಗಿ ಉದ್ಯೋಗದಾತರು. ನೋಂದಣಿ ಬೇಕಿಲ್ಲ. 'ಸರಿ, ನಾಳೆ ಸಿಗೋಣ' ಎಂಬ ಸಾಲಿಗೆ ಹಕ್ಕು ಸಿಗಲಿಕ್ಕಿಲ್ಲ, ನಾಲ್ಕು ಪ್ಯಾರಾ ವಾದಕ್ಕೆ ಸಿಗುತ್ತದೆ.

ಓದಲು ಸಿಗುವುದೇ ಬೇರೆ, ಪ್ರಕಟಿಸುವ ಹಕ್ಕೇ ಬೇರೆ. ಜೆ.ಡಿ. ಸಾಲಿಂಜರ್ ಪತ್ರಗಳು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿದ್ದವು. ಅವನ್ನು ಬಳಸಿ ಇಯಾನ್ ಹ್ಯಾಮಿಲ್ಟನ್ ಬರೆದ ಜೀವನಚರಿತ್ರೆಗೆ 1987ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ತಡೆ ಹಾಕಿತು.

ಇಮೇಲ್‌ನಲ್ಲಿ ತೊಡಕು ಇನ್ನೂ ಹೆಚ್ಚು. ಪ್ರತಿ ಉತ್ತರದ ಕೆಳಗೆ ಹಿಂದಿನವರ ಮಾತೆಲ್ಲ ಬಾಲದಂತೆ ಅಂಟಿಕೊಂಡಿರುತ್ತದೆ. ಒಬ್ಬರು 'ನನ್ನದು ಬೇಡ' ಎಂದರೆ ಅವರ ಒಂದು ಮೇಲ್ ತೆಗೆದರೆ ಸಾಲದು, ಮಿಕ್ಕವರ ಮೇಲ್‌ಗಳ ಹೊಟ್ಟೆಯೊಳಗಿಂದಲೂ ತೆಗೆಯಬೇಕು. ವಿಮರ್ಶೆಗೆ, ಸುದ್ದಿಗೆ ನ್ಯಾಯಯುತವಾಗಿ ಉಲ್ಲೇಖಿಸಲು ಸೆಕ್ಷನ್ 52ರಲ್ಲಿ ಅವಕಾಶವಿದೆ ನಿಜ. ಇಡೀ ಚರ್ಚೆಯನ್ನೇ ಎತ್ತಿ ಹಾಕುವುದಕ್ಕೆ ಅದನ್ನು ಗುರಾಣಿ ಮಾಡಿಕೊಳ್ಳುವುದು ನನಗೆ ದುಸ್ಸಾಹಸವೆನಿಸುತ್ತದೆ.

ಹಾಗಾದರೆ ಅನುಮತಿ ಕೇಳಿ, ಬರಹದಲ್ಲೇ ಪಡೆಯಿರಿ. 2012ರ ತಿದ್ದುಪಡಿಯ ನಂತರ ಪರವಾನಗಿಗೆ ಸಹಿ ಕಡ್ಡಾಯವಲ್ಲ. ಇಮೇಲ್‌ನಲ್ಲೇ ಬಂದ ಸ್ಪಷ್ಟ ಒಪ್ಪಿಗೆ ಸಾಕು ಅಂತ ನನ್ನ ಅಭಿಪ್ರಾಯ. ಆದರೆ ಬರೀ 'ಆಯ್ತು, ಹಾಕ್ಕೊಳ್ಳಿ' ಎಂದರೆ ಪೇಚಿಗೆ ಸಿಕ್ಕಿಬೀಳುತ್ತೀರಿ. ಅವಧಿ ಹೇಳದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದುಕೊಳ್ಳುತ್ತದೆ, ಪ್ರದೇಶ ಹೇಳದಿದ್ದರೆ ಭಾರತಕ್ಕಷ್ಟೇ ಎಂದು. ಅಂತರ್ಜಾಲಕ್ಕೆ ಗಡಿ ಎಲ್ಲಿದೆ? 'ಹಕ್ಕಿನ ಅವಧಿ ಮುಗಿಯುವವರೆಗೆ, ಜಗತ್ತಿನಾದ್ಯಂತ' ಎಂದು ಸೇರಿಸಿಕೊಳ್ಳಿ.

ತೀರಿಹೋದವರದ್ದಾದರೆ ವಾರಸುದಾರರನ್ನು ಕೇಳಬೇಕು. 60 ವರ್ಷ ಕಾದರಾಯ್ತು ಎನ್ನುವಂತೆಯೂ ಇಲ್ಲ: ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ ಆ ಲೆಕ್ಕ ಶುರುವಾಗುವುದೇ ಪ್ರಕಟಣೆಯ ನಂತರ.

ಒಪ್ಪಿಗೆ ಸಿಗದ ಕಡೆ ಸಾರಾಂಶವನ್ನು ನಿಮ್ಮ ಮಾತಿನಲ್ಲೇ ಬರೆದಿಡಿ. ಕೃತಿಸ್ವಾಮ್ಯ ಇರುವುದು ಹೇಳಿದ ರೀತಿಗೆ, ವಿಚಾರಕ್ಕಲ್ಲ. ಖಾಸಗಿತನದ ಪ್ರಶ್ನೆ ಮಾತ್ರ ಆಗಲೂ ಉಳಿಯುತ್ತದೆ. ಫೋನ್ ನಂಬರು, ಮನೆ ವಿಳಾಸಗಳನ್ನು ಮೊದಲೇ ಅಳಿಸಿ.