ಸ್ಪೀಕರ್ ಬದಲಿಸೋ ಮುಂಚೆ ರೂಮಿನ ಮಾತು ಕೇಳಿ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ಹಾಗಿದ್ರೆ ಈಗ ನನ್ನ ದನಿಗೂ ನಿಮ್ಮ ಕಿವಿಗೂ ನಡುವೆ ಯಾವ ಗೋಡೆಯೂ ಇಲ್ಲ. ಅದೇ ಸ್ಪೀಕರ್‌ನಲ್ಲಿ ಕೇಳಿದ್ರೆ, ನಿಮ್ಮ ರೂಮೂ ಜೊತೆಗೆ ದನಿ ಸೇರಿಸುತ್ತೆ.

ನಾನಿದನ್ನು ದುಡ್ಡು ಕಳ್ಕೊಂಡು ಕಲಿತೆ. ಬಾಡಿಗೆ ಮನೆ, ಟೈಲ್ಸ್ ನೆಲ, ಬರಿ ಗೋಡೆ. ಹಾಡಿನ ಸಾಹಿತ್ಯವೇ ಅರ್ಥ ಆಗ್ತಿರಲಿಲ್ಲ, ಪದದ ಮೇಲೆ ಪದ ಬಿದ್ದು ಕಲಸಿಹೋಗ್ತಿತ್ತು. ತಪ್ಪು ಹಳೇ ಸ್ಪೀಕರ್‌ದು ಅಂತ ತೀರ್ಮಾನಿಸಿ, ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಸುರಿದು ಹೊಸ ಜೋಡಿ ತಂದೆ. ಕಲಸುಮೇಲೋಗರ ಹಾಗೇ ಇತ್ತು! ವಿಜಯಪುರದ ಗೋಲಗುಮ್ಮಟದಲ್ಲಿ ಪ್ರತಿಧ್ವನಿ ಕೇಳೋಕೆ ಟಿಕೆಟ್ ತಗೋತೀವಿ. ನಮ್ಮ ಮನೇಲಿ ಅದು ಪುಕ್ಕಟೆ.

ಇದೇ ತೊಂದರೆ 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೂ ಬಂದಿತ್ತು. ಅಲ್ಲಿನ ಫಾಗ್ ಕಲಾ ಮ್ಯೂಸಿಯಂನಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಸಭಾಂಗಣ ನೋಡೋಕೆ ಚೆಂದ, ಕೇಳೋಕೆ ಆಗದು. ಆಡಿದ ಒಂದು ಮಾತು ಖಾಲಿ ಹಾಲ್‌ನಲ್ಲಿ ಸುಮಾರು ಐದೂವರೆ ಸೆಕೆಂಡ್ ಉಳೀತಿತ್ತು. ಅಷ್ಟರಲ್ಲಿ ಮೇಷ್ಟ್ರು ಹತ್ತು ಹನ್ನೆರಡು ಪದ ಮುಂದೆ ಹೋಗಿರ್ತಿದ್ರು. ಇದನ್ನು ಸರಿಮಾಡುವ ಕೆಲಸ ಬಿದ್ದದ್ದು ವ್ಯಾಲೆಸ್ ಸಬೈನ್ ಎಂಬ ಭೌತಶಾಸ್ತ್ರದ ಯುವ ಅಧ್ಯಾಪಕನ ಹೆಗಲಿಗೆ.

ಸಬೈನ್ ಹತ್ತಿರ ಮೈಕ್ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಇದ್ದದ್ದು ಒಂದು ಆರ್ಗನ್ ಪೈಪು, ಕಾಲ ಅಳೆಯುವ ಸಾಧನ ಮತ್ತು ಸ್ವಂತ ಕಿವಿ. ಪೈಪು ಊದಿಸಿ, ನಿಲ್ಲಿಸಿ, ಸದ್ದು ಪೂರ್ತಿ ಸಾಯೋಕೆ ಎಷ್ಟು ಹೊತ್ತು ಬೇಕು ಅಂತ ಅಳೆಯೋದು. ಹಗಲು ಬೀದಿಯ ಗದ್ದಲ, ಹಾಗಾಗಿ ಕೆಲಸವೆಲ್ಲ ರಾತ್ರಿ. ಹತ್ತಿರದ ಸ್ಯಾಂಡರ್ಸ್ ಥಿಯೇಟರ್‌ನಿಂದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು, ಹಂತ ಹಂತವಾಗಿ ಹಾಸಿ ಅಳೆದು, ಬೆಳಗಾಗೋದ್ರೊಳಗೆ ವಾಪಸ್ ಇಡ್ತಿದ್ರು. ಹಾಲ್ ತುಂಬ ಮೆತ್ತೆ ಹಾಸಿದಾಗ ಐದೂವರೆ ಸೆಕೆಂಡಿನ ಸದ್ದು ಒಂದು ಸೆಕೆಂಡಿನ ಆಸುಪಾಸಿಗೆ ಇಳಿದಿತ್ತು. ಒಂದು ಹಂತದಲ್ಲಿ, ತಾನು ಹಾಕಿದ ಬಟ್ಟೆಯೂ ಸದ್ದು ಹೀರುತ್ತೆ ಅಂತ ಗೊತ್ತಾಗಿ ಹಳೇ ಅಳತೆಗಳ ರಾಶಿಯನ್ನೇ ಪಕ್ಕಕ್ಕಿಟ್ಟು, ಆಮೇಲೆ ಪ್ರಯೋಗಕ್ಕೆ ಅಂತ ಒಂದೇ ಬಗೆಯ ಉಡುಪು ಹಾಕೋಕೆ ಶುರುಮಾಡಿದ್ರು.

1898ರಲ್ಲಿ ಸೂತ್ರ ಸಿಕ್ಕಿತು. ಕೋಣೆಯ ಗಾತ್ರವನ್ನು ಘನ ಮೀಟರ್‌ನಲ್ಲಿ ತಗೊಳ್ಳಿ, 0.161ರಿಂದ ಗುಣಿಸಿ, ಕೋಣೆ ಒಟ್ಟು ಎಷ್ಟು ಸದ್ದು ಹೀರುತ್ತೋ ಅದರಿಂದ ಭಾಗಿಸಿ. ಸದ್ದು ಉಳಿಯೋ ಕಾಲ ಸಿಗುತ್ತೆ. ಹೀರಿಕೆಗೆ ಸಬೈನ್ ಇಟ್ಟ ಅಳತೆ ತುಂಬಾ ಸರಳ: ತೆರೆದ ಕಿಟಕಿ. ಅದರಿಂದ ಹೊರಗೆ ಹೋದ ಸದ್ದು ಮರಳಿ ಬರೋದಿಲ್ಲ. ಈ ಲೆಕ್ಕದ ಮೇಲೆ ರೂಪಿಸಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಇವತ್ತಿಗೂ ಜಗತ್ತಿನ ಶ್ರೇಷ್ಠ ಸಂಗೀತ ಸಭಾಂಗಣಗಳಲ್ಲಿ ಅದರ ಹೆಸರಿದೆ.

ಈಗ ನಿಮ್ಮ ರೂಮು. ಹತ್ತು ಅಡಿ, ಹನ್ನೆರಡು ಅಡಿ, ಎತ್ತರ ಹತ್ತು ಅಡಿ ಅಂದ್ರೆ ಹೆಚ್ಚುಕಮ್ಮಿ 34 ಘನ ಮೀಟರ್. ಬರಿ ಗೋಡೆ, ಬರಿ ನೆಲ ಸೇರಿ ಮೂರು ಚದರ ಮೀಟರ್ ತೆರೆದ ಕಿಟಕಿಯಷ್ಟು ಹೀರುತ್ತೆ ಅಂದ್ಕೊಳ್ಳಿ. ಸದ್ದು ಸುಮಾರು 1.8 ಸೆಕೆಂಡ್ ಉಳಿಯುತ್ತೆ. ಹಾಸಿಗೆ, ದಪ್ಪ ಪರದೆ, ಜಮಖಾನ ಸೇರಿ ಅದು ಒಂಬತ್ತಾದ್ರೆ? 0.6ಕ್ಕೆ ಇಳಿಯಿತು. ಸ್ಪೀಕರ್ ಅದೇ!

ಹಾಗಂತ ಸ್ಪೀಕರ್ ಲೆಕ್ಕಕ್ಕಿಲ್ಲ ಅಂತಲ್ಲ. ಹಾರ್ವರ್ಡ್ ಇರೋ ಅದೇ ಕೇಂಬ್ರಿಜ್ ಊರಲ್ಲಿ 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಸೇರಿ ಅಕೌಸ್ಟಿಕ್ ರಿಸರ್ಚ್ ಕಂಪನಿ ಶುರುಮಾಡಿದ್ರು. ಆಗೆಲ್ಲ ಆಳವಾದ ಬೇಸ್ ಬೇಕಂದ್ರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ವಿಲ್ಚರ್ ಚಿಕ್ಕ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಥರ ಬಳಸಿದ್ರು. ಆಳವಾದ ಬೇಸ್ ಪುಸ್ತಕದ ಶೆಲ್ಫಿನ ಮೇಲಕ್ಕೂ ಬಂತು.

ಒಂದು ಎಚ್ಚರಿಕೆ. ಪರದೆ ಮಾತನ್ನು ತಿಳಿಯಾಗಿಸುತ್ತೆ, ಗುಂಯ್‌ಗುಡುವ ಬೇಸನ್ನು ಅಷ್ಟಾಗಿ ತಡೆಯೋದಿಲ್ಲ. ಮೂಲೆಯಲ್ಲಿಟ್ಟ ಸ್ಪೀಕರ್‌ನ ಬೇಸ್ ಇನ್ನೂ ಉಬ್ಬುತ್ತೆ. ಅದನ್ನು ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ಎಳೆದು ನೋಡಿ. ಖರ್ಚು ಸೊನ್ನೆ.

ನಾನು ಕೊನೆಗೆ ಮಾಡಿದ್ದೂ ಅಷ್ಟೇ. ಅಟ್ಟದ ಮೇಲಿದ್ದ ಅಮ್ಮನ ಹಳೇ ಜಮಖಾನ ನೆಲಕ್ಕೆ ಬಂತು, ಸ್ಪೀಕರ್ ಮೂಲೆ ಬಿಟ್ಟಿತು. ಹಾಡಿನ ಪದಗಳು ಬಿಡಿಬಿಡಿಯಾಗಿ ಕೇಳಿದ್ವು. ಮಾರಿದ ಹಳೇ ಸ್ಪೀಕರ್ ನೆನೆದು ಹೊಟ್ಟೆ ಉರಿದದ್ದೂ ನಿಜ.

ಹೊಸದನ್ನು ಆರ್ಡರ್ ಮಾಡೋ ಮುಂಚೆ ರೂಮಿನ ಮಧ್ಯೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಎಳೆದಾಡಿದ್ರೆ ಮೊದಲು ಜಮಖಾನ ಹುಡುಕಿ. ಮತ್ತೆ ಸಿಗೋಣ.